ಬ್ಯಾಂಡ್ ಮೇಲೇರಿದೆ, ಎಚ್‌ಎಸ್‌ಪಿ70 ಏರಿಲ್ಲ: ಎಚ್‌ಎಸ್‌ಎಫ್‌1 ಚುರುಕಾಗಿದೆ ಅಂತ ಯಾವಾಗ ಹೇಳಬಹುದು?

ಹೀಲಾ_ತಟ್ಟೆ
ಹೀಟ್ ಶಾಕ್ (ಕೋಶಕ್ಕೆ ಬಿಸಿ ಕೊಟ್ಟು ನೋಡೋ) ಪ್ರಯೋಗ ಬಲ್ಲವರು ಸ್ವಲ್ಪ ನೋಡಿ ಹೇಳಿ. ಹೊಸಬರಿಗೆ: ಎಚ್‌ಎಸ್‌ಪಿ70 ಅಂದ್ರೆ ಬಿಸಿಗೆ ಬಿಚ್ಚಿಕೊಂಡ ಪ್ರೋಟೀನ್‌ಗಳನ್ನು ಕಾಯೋ ಪ್ರೋಟೀನ್, ಎಚ್‌ಎಸ್‌ಎಫ್‌1 ಅಂದ್ರೆ ಅದರಂಥವುಗಳ ಜೀನ್ ಎಬ್ಬಿಸೋ ಪ್ರೋಟೀನ್. ಹೀಲಾ ಕೋಶ (ಲ್ಯಾಬ್‌ನಲ್ಲಿ ಬೆಳೆಸೋ ಮಾನವ ಕ್ಯಾನ್ಸರ್ ಕೋಶ), 10 ಸೆಂ.ಮೀ. ತಟ್ಟೆ, ಮುಕ್ಕಾಲು ಪಾಲು ತುಂಬಿದೆ. ಹೊಸ ಮೀಡಿಯಂ ಹಾಕಿ, 42 ಡಿಗ್ರಿಗೆ ಇಟ್ಟ ಇನ್‌ಕ್ಯುಬೇಟರ್‌ನಲ್ಲಿ 1 ಗಂಟೆ, ಆಚೆ ತೆಗೆದ ಕೂಡಲೇ ಲೈಸಿಸ್, ಅಂದ್ರೆ ಕೋಶ ಒಡೆಯೋದು. ವೆಸ್ಟರ್ನ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸೋದು) ಎಚ್‌ಎಸ್‌ಎಫ್‌1 ಬ್ಯಾಂಡ್ ತುಸು ಮೇಲಕ್ಕೆ ಸರಿದಿದೆ, ಆದರೆ ಮಸುಕು. ಎಚ್‌ಎಸ್‌ಪಿ70 ಪ್ರೋಟೀನ್ ಕಂಟ್ರೋಲ್ ತಟ್ಟೆಯಷ್ಟೇ ಇದೆ. ಎಂಆರ್‌ಎನ್‌ಎ ಅಳೆಯೋ ಕ್ಯುಪಿಸಿಆರ್‌ನಲ್ಲಿ ಎಚ್‌ಎಸ್‌ಪಿಎ1ಎ (ಎಚ್‌ಎಸ್‌ಪಿ70ಯ ಜೀನ್) ಒಂದು ಸಲ 3 ಪಟ್ಟು, ಇನ್ನೊಂದು ಸಲ 40 ಪಟ್ಟು.

ಪಠ್ಯಪುಸ್ತಕದ ಚಿತ್ರದಲ್ಲಿ ಒಂದೇ ಸಾಲು: ಒಂಟಿ ಎಚ್‌ಎಸ್‌ಎಫ್‌1, ಬಿಸಿ ತಾಗಿತು, ಮೂರು ಸೇರಿ ಟ್ರೈಮರ್, ನ್ಯೂಕ್ಲಿಯಸ್‌ಗೆ ಹೋಯಿತು, ಫಾಸ್ಫೇಟ್ ಹತ್ತಿತು, ಜೀನ್ ಶುರು. ಈ ಸಾಲಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?

ಕೋಶಮಿತ್ರ
ಬಿಸಿಯಿಂದ ತೆಗೆದ ಕೂಡಲೇ ಲೈಸ್ ಮಾಡಿದರೆ ಪ್ರೋಟೀನ್ ಎಲ್ಲಿಂದ ಬರಬೇಕು? 37ಕ್ಕೆ ವಾಪಸ್ ಇಟ್ಟು 4ರಿಂದ 6 ಗಂಟೆ ಕಾಯಿರಿ. ಎಂಆರ್‌ಎನ್‌ಎಗೆ ಮಾತ್ರ ಕೂಡಲೇ ತೆಗೆಯೋದು ಸರಿ.

ನೀರ್_ಬಾತ್
ಮೊದಲ ತಪ್ಪು ಇನ್‌ಕ್ಯುಬೇಟರ್. ಗಾಳಿಯಲ್ಲಿಟ್ಟ ತಟ್ಟೆ ನಿಧಾನಕ್ಕೆ ಬಿಸಿಯಾಗುತ್ತೆ. ಡಿಸ್‌ಪ್ಲೇ 42 ತೋರಿಸಿದರೂ ಮೀಡಿಯಂ ಅಲ್ಲಿಗೆ ಮುಟ್ಟೋಕೆ ಅರ್ಧ ಗಂಟೆ ದಾಟಬಹುದು. ನಿಮ್ಮ 1 ಗಂಟೆಯಲ್ಲಿ ಕೋಶಕ್ಕೆ ನಿಜವಾಗಿ 42 ಸಿಕ್ಕಿದ್ದು ಎಷ್ಟು ನಿಮಿಷ ಅಂತ ನಿಮಗೇ ಗೊತ್ತಿಲ್ಲ. ಬಾಗಿಲು ತೆರೆದು ಮುಚ್ಚಿದ ಲೆಕ್ಕದಲ್ಲಿ ದಿನದಿಂದ ದಿನಕ್ಕೆ ಅದು ಬದಲಾಗುತ್ತೆ. 3 ಪಟ್ಟು, 40 ಪಟ್ಟು ಆಟದಲ್ಲಿ ಇದರದ್ದೂ ಪಾಲಿದೆ.

ನೀರಿನ ಬಾತ್ ಬಳಸಿ. ತಟ್ಟೆಯ ಅಂಚಿಗೆ ಪ್ಯಾರಾಫಿಲ್ಮ್ ಎರಡು ಸುತ್ತು ಬಿಗಿಯಾಗಿ ಸುತ್ತಿ. ನೀರಿನ ಮಟ್ಟ ಮೀಡಿಯಂ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. ತಟ್ಟೆ ಇಳಿಸುವಾಗ ಓರೆಯಾಗಿ ಇಳಿಸಿ, ಇಲ್ಲಾಂದ್ರೆ ತಳದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಆ ಭಾಗ ಮಾತ್ರ ತಣ್ಣಗೆ ಉಳಿಯುತ್ತೆ. ಕೋಶವಿಲ್ಲದ, ಅಷ್ಟೇ ಮೀಡಿಯಂ ಇರುವ ಇನ್ನೊಂದು ತಟ್ಟೆಯ ಮುಚ್ಚಳಕ್ಕೆ ತೂತು ಮಾಡಿ ಥರ್ಮೋಕಪಲ್ ತಂತಿ ಇಳಿಬಿಡಿ. ಅದು 42 ತೋರಿಸಿದ ನಿಮಿಷದಿಂದ ಗಡಿಯಾರ ಶುರು. ಇನ್ನೊಂದು, ಕಾರ್ಬನ್ ಡೈಆಕ್ಸೈಡ್ ಇಲ್ಲದೆ ಹೊರಗಿಟ್ಟ ಮೀಡಿಯಂ ಕ್ಷಾರವಾಗ್ತಾ ಹೋಗುತ್ತೆ, ಬಣ್ಣ ನೇರಳೆಗೆ ತಿರುಗೋದು ಕಣ್ಣಿಗೇ ಕಾಣುತ್ತೆ. ಪಿಎಚ್ ಕಾಯೋ ಹೆಪಿಸ್ ಬಫರ್ 20 ಮಿಲಿಮೋಲಾರ್ ಸೇರಿಸಿ.

ಮತ್ತೆ, ಪ್ರಯೋಗದ ದಿನ ಮೀಡಿಯಂ ಬದಲಿಸಬೇಡಿ. ಹೊಸ ಸೀರಂ ತಾಗಿದರೆ ಸಾಕು, ಎಚ್‌ಎಸ್‌ಪಿ70 ಜೀನ್ ಅಷ್ಟರಮಟ್ಟಿಗೆ ಏಳುತ್ತೆ. ಹಿಂದಿನ ದಿನವೇ ಬದಲಿಸಿಡಿ.

ಇಂಟ್ರಾನ್_ಇಲ್ಲ
3 ಪಟ್ಟು, 40 ಪಟ್ಟಿನ ಕಥೆ ನಾನು ಹೇಳ್ತೀನಿ. ಎಚ್‌ಎಸ್‌ಪಿಎ1ಎ ಜೀನ್‌ನಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯೋ ನಡುವಿನ ತುಣುಕು) ಇಲ್ಲ. ಪ್ರೈಮರ್ ಎಲ್ಲೇ ಇಟ್ಟರೂ ಕೋಶದ ಮೂಲ ಜೀನೋಮಿಕ್ ಡಿಎನ್‌ಎ ಮತ್ತು ಆರ್‌ಎನ್‌ಎಯಿಂದ ನಕಲು ಮಾಡಿದ ಸಿಡಿಎನ್‌ಎ ಎರಡರಿಂದಲೂ ಒಂದೇ ಉದ್ದದ ತುಣುಕು ಬರುತ್ತೆ. ಆರ್‌ಎನ್‌ಎಯಲ್ಲಿ ಡಿಎನ್‌ಎ ಉಳಿದಿದ್ದರೆ ಕಂಟ್ರೋಲ್‌ನ ಲೆಕ್ಕ ಸುಳ್ಳೇ ಏರಿ, ಪಟ್ಟು 3ಕ್ಕೆ ಇಳಿಯುತ್ತೆ. ಡಿಎನ್‌ಏಸ್ ಹಾಕಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್ ಪ್ರತಿ ಮಾದರಿಗೂ ಓಡಿಸಿ. ಪಕ್ಕದ ಎಚ್‌ಎಸ್‌ಪಿಎ1ಬಿ ಜೊತೆ ಇದರ ಅನುಕ್ರಮ ಬಹುಪಾಲು ಒಂದೇ, ಎರಡನ್ನೂ ಸೇರಿಸಿ ಅಳೀತಿದ್ದೀರಿ ಅನ್ನೋದೂ ನೆನಪಿರಲಿ. ಜೊತೆಗೆ ಬಿಸಿಗೆ ಏಳೋ, ಇಂಟ್ರಾನ್ ಇರುವ ಜೀನ್‌ಗಳಾದ ಡಿಎನ್‌ಎಜೆಬಿ1 ಅಥವಾ ಎಚ್‌ಎಸ್‌ಪಿಎಚ್1 ಒಂದನ್ನು ಅಳೆಯಿರಿ. ಎರಡೂ ಒಂದೇ ದಿಕ್ಕಿಗೆ ಹೋದರೆ ನಂಬಬಹುದು.

ಇಂಟ್ರಾನ್ ಇಲ್ಲದಿರೋದು ಕೋಶಕ್ಕೆ ಅನುಕೂಲವೇ. ತೀವ್ರ ಬಿಸಿಯಲ್ಲಿ ಸ್ಪ್ಲೈಸಿಂಗ್ ಕೆಡುತ್ತೆ. ಕತ್ತರಿಸಿ ಅಂಟಿಸೋ ಕೆಲಸವೇ ಬೇಡದ ಆರ್‌ಎನ್‌ಎ ಆಗಲೂ ಸಲೀಸಾಗಿ ಹೊರಗೆ ಬರುತ್ತೆ.

ಬ್ಯಾಂಡ್‌ಶಿಫ್ಟ್
ಪ್ರಶ್ನೆಯ ತಿರುಳಿಗೆ ಬರ್ತೀನಿ. ಪುಸ್ತಕದ ಆ ಸಾಲನ್ನು ತಲೆಯಿಂದ ತೆಗೆದುಹಾಕಿ. ಟ್ರೈಮರ್ ಆಗೋದು, ಡಿಎನ್‌ಎಗೆ ಅಂಟೋದು, ಫಾಸ್ಫೇಟ್ ಹತ್ತೋದು, ಜೀನ್ ಓದಿಸೋದು, ಇವು ನಾಲ್ಕು ಬೇರೆ ಬೇರೆ ಸಂಗತಿ. ಒಂದು ಆದರೆ ಇನ್ನೊಂದು ಆಗಿಯೇ ತೀರಬೇಕು ಅಂತಿಲ್ಲ. ಮಾನವ ಕೋಶಕ್ಕೆ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರೆ ಎಚ್‌ಎಸ್‌ಎಫ್‌1 ಡಿಎನ್‌ಎಗೆ ಚೆನ್ನಾಗಿ ಅಂಟುತ್ತೆ, ಎಚ್‌ಎಸ್‌ಪಿ70 ಜೀನ್ ಮಾತ್ರ ಏಳೋದಿಲ್ಲ. 1992ರಿಂದ ಗೊತ್ತಿರೋ ವಿಷಯ.

529 ಅಮೈನೋ ಆಮ್ಲದ ಈ ಪ್ರೋಟೀನ್ ಹೇಗೆ ಕಟ್ಟಿದೆ ನೋಡಿ. ಮುಂತುದಿಯಲ್ಲಿ ಡಿಎನ್‌ಎ ಹಿಡಿಯೋ ಭಾಗ. ಅದರ ಬೆನ್ನಿಗೇ ಎಚ್‌ಆರ್-ಎ/ಬಿ, ಮೂರು ಅಣುಗಳನ್ನು ಜಡೆಯ ಹಾಗೆ ಹೆಣೆಯೋದು ಇದು. ನಡುವೆ ನಿಯಂತ್ರಕ ಭಾಗ. ಆಮೇಲೆ ಎಚ್‌ಆರ್-ಸಿ, ಇದು ಹಿಂದಕ್ಕೆ ಮಡಚಿಕೊಂಡು ಎಚ್‌ಆರ್-ಎ/ಬಿಯನ್ನು ಹಿಡಿದಿಟ್ಟಿರುತ್ತೆ, ಅದಕ್ಕೇ ಸುಮ್ಮನಿರುವಾಗ ಒಂಟಿ. ಕೊನೆಯಲ್ಲಿ ಜೀನ್ ಎಬ್ಬಿಸೋ ಭಾಗ. ಡಿಎನ್‌ಎ ಮೇಲೆ ಇದು ಹುಡುಕೋದು ಎನ್‌ಜಿಎಎಎನ್ ಅನ್ನೋ ಐದಕ್ಷರದ ತುಣುಕು, ತಿರುವುಮುರುವಾಗಿ ಕನಿಷ್ಠ ಮೂರು ಸಲ. ಮೂರು ತುಣುಕು, ಮೂರು ಕೈ. ಒಂಟಿ ಅಣುವಿನ ಹಿಡಿತ ತೀರಾ ಸಡಿಲ, ಅದಕ್ಕೇ ಟ್ರೈಮರ್ ಬೇಕು.

ಟ್ರೈಮರ್ ನೋಡಬೇಕಾದರೆ ಇಜಿಎಸ್ ಅನ್ನೋ ರಾಸಾಯನಿಕದಿಂದ ಕ್ರಾಸ್‌ಲಿಂಕ್ ಮಾಡಿ (ಅಣುಗಳನ್ನು ಒಂದಕ್ಕೊಂದು ಬೆಸೆದು) ಜೆಲ್ ಓಡಿಸಿ, 200 ಕಿಲೋಡಾಲ್ಟನ್‌ಗಿಂತ ಮೇಲೆ ಬರುತ್ತೆ. ಬಫರ್‌ನಲ್ಲಿ ಟ್ರಿಸ್ ಇರಕೂಡದು. ಟ್ರಿಸ್‌ನ ಅಮೈನ್ ಗುಂಪೇ ಇಜಿಎಸ್ ಅನ್ನು ಮುಗಿಸಿಬಿಡುತ್ತೆ, ಏನೂ ಕ್ರಾಸ್‌ಲಿಂಕ್ ಆಗಿರೋದಿಲ್ಲ. ಹೆಪಿಸ್‌ನಲ್ಲಿ ಮಾಡಿ.

ಫಾಸ್ಫೋ_326
ನಾಲ್ಕೂ ಬೇರೆ ಅಂತ ಒಪ್ತೀನಿ. ಆದರೂ ಎಚ್‌ಎಸ್‌ಎಫ್‌1ನ 326ನೇ ಜಾಗದ ಸೆರೀನ್‌ಗೆ ಫಾಸ್ಫೇಟ್ ಹತ್ತಿದ್ದನ್ನು ಹಿಡಿಯೋ ಆಂಟಿಬಾಡಿ ಇರುವಾಗ ಇಷ್ಟೆಲ್ಲ ಯಾಕೆ? ಅದು ಹೊಳೆದರೆ ಎಚ್‌ಎಸ್‌ಎಫ್‌1 ಚುರುಕಾಗಿದೆ ಅಂತಲೇ ಅರ್ಥ.

ಬ್ಯಾಂಡ್‌ಶಿಫ್ಟ್
@ಫಾಸ್ಫೋ_326 ಅಲ್ಲ. ಗುರುತು ಬೇರೆ, ಕಾರಣ ಬೇರೆ. 2015ರಲ್ಲಿ ನಿಯಂತ್ರಕ ಭಾಗದ 15 ಫಾಸ್ಫೇಟ್ ಜಾಗಗಳನ್ನೂ ಕೆಡಿಸಿದ ಎಚ್‌ಎಸ್‌ಎಫ್‌1 ಮಾಡಿ ನೋಡಿದರು, 326 ಕೂಡ ಅದರಲ್ಲಿ ಸೇರಿತ್ತು. ಅದು ಕೆಲಸ ಮಾಡಿತು, ಅಷ್ಟೇ ಅಲ್ಲ, ಕಡಿಮೆ ಒತ್ತಡಕ್ಕೇ ಎದ್ದಿತು. ಅಂದರೆ ಒಟ್ಟಾರೆ ಫಾಸ್ಫೇಟ್‌ಗಳ ಕೆಲಸ ಎಬ್ಬಿಸೋದಕ್ಕಿಂತ ಎಷ್ಟು ಎಬ್ಬಿಸಬೇಕು ಅನ್ನೋದನ್ನು ಹದ ಮಾಡೋದು. 303 ಮತ್ತು 307ರ ಫಾಸ್ಫೇಟ್ ತಡೆಯೊಡ್ಡುತ್ತೆ, 303ಕ್ಕೆ ಹತ್ತಿದ್ದು ಲೈಸೀನ್ 298ಕ್ಕೆ ಸುಮೋ ಅನ್ನೋ ಪುಟ್ಟ ಪ್ರೋಟೀನ್ ಕೂರಿಸೋಕೆ ದಾರಿ ಮಾಡುತ್ತೆ. ಒಂದೇ ಆಂಟಿಬಾಡಿ ನೋಡಿ ತೀರ್ಪು ಕೊಡಬೇಡಿ.

ಫಾಸ್ಫೋ_326
ಸರಿ, ಕಾರಣ ಅನ್ನೋ ಮಾತು ವಾಪಸ್. ಬಿಸಿ ತಾಗಿದೆಯೋ ಇಲ್ಲವೋ ಅನ್ನೋ ಗುರುತಾಗಿ ಮಾತ್ರ ಬಳಸಿ ಅಂತಿರಲಿ. ಮೂಲ ಪ್ರಶ್ನೆಯ ಮಸುಕು ಬ್ಯಾಂಡ್‌ಗೆ: 8 ಶೇಕಡ ಜೆಲ್‌ನಲ್ಲಿ ಉದ್ದಕ್ಕೆ ಓಡಿಸಿ, 55 ಕಿಲೋಡಾಲ್ಟನ್‌ನ ಮಾರ್ಕರ್ ತಳ ಮುಟ್ಟೋವರೆಗೆ. ಸುಮ್ಮನಿರೋ ಎಚ್‌ಎಸ್‌ಎಫ್‌1 ಸುಮಾರು 70ರ ಹತ್ತಿರ, ಬಿಸಿ ತಾಗಿದ್ದು 80 ದಾಟಿ ಕಾಣಬೇಕು. ಫಾಸ್ಫೇಟ್ ಕಳಚದ ಹಾಗೆ ಲೈಸಿಸ್‌ಗೆ ಈ ಇನ್‌ಹಿಬಿಟರ್‌ಗಳು: 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 1 ಮಿಲಿಮೋಲಾರ್ ಆರ್ಥೋವನಡೇಟ್, 10 ಮಿಲಿಮೋಲಾರ್ ಬೀಟಾ ಗ್ಲಿಸರೋಫಾಸ್ಫೇಟ್. ವನಡೇಟ್ ಅನ್ನು ಪಿಎಚ್ 10ಕ್ಕೆ ತಂದು ಹಳದಿ ಹೋಗೋವರೆಗೆ ಕುದಿಸಿ ಇಟ್ಟುಕೊಂಡಿರಬೇಕು, ಪುಡಿ ಕರಗಿಸಿ ಹಾಗೇ ಹಾಕಿದರೆ ಪ್ರಯೋಜನವಿಲ್ಲ. ಶಿಫ್ಟ್ ಫಾಸ್ಫೇಟ್‌ನದ್ದೇ ಅಂತ ತೋರಿಸೋಕೆ ಇನ್‌ಹಿಬಿಟರ್ ಇಲ್ಲದ ಒಂದು ಪಾಲಿಗೆ ಫಾಸ್ಫೇಟ್ ಕಳಚೋ ಕಿಣ್ವ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ, ಬ್ಯಾಂಡ್ ಕೆಳಗಿಳಿಯಬೇಕು.

ನೀರ್_ಬಾತ್
ಮಸುಕಿಗೆ ಇನ್ನೊಂದು ಕಾರಣ. ಬಿಸಿ ತಾಗಿದ ಮೇಲೆ ಎಚ್‌ಎಸ್‌ಎಫ್‌1 ಎನ್‌ಪಿ-40ಯಂಥ ಮೆದು ಡಿಟರ್ಜೆಂಟ್‌ಗೆ ಪೂರ್ತಿ ಕರಗೋದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಮಾತ್ರ ಜೆಲ್‌ಗೆ ಹಾಕಿದರೆ ಅರ್ಧ ಮಾಲು ಗಸಿಯಲ್ಲೇ ಉಳಿದಿರುತ್ತೆ. ತಟ್ಟೆಗೇ ಕುದಿಯೋ ಎಸ್‌ಡಿಎಸ್ ಬಫರ್ ಸುರಿದು, ಕೆರೆದು, 95 ಡಿಗ್ರಿಯಲ್ಲಿ 5 ನಿಮಿಷ, ಸೂಜಿಯಲ್ಲಿ ಹತ್ತು ಸಲ ಎಳೆದು ಡಿಎನ್‌ಎ ಒಡೆಯಿರಿ. ಫಾಸ್ಫಟೇಸ್‌ಗಳೂ ಆ ಕ್ಷಣವೇ ಸಾಯುತ್ತವೆ. ಲ್ಯಾಂಬ್ಡಾ ಪಾಲನ್ನು ಮಾತ್ರ ಬೇರೆ ತಟ್ಟೆಯಿಂದ, ಹೆಚ್ಚು ಉಪ್ಪಿನ ಬಫರ್‌ನಲ್ಲಿ ತೆಗೆದು, ಆಮೇಲೆ ಉಪ್ಪು ತೆಳು ಮಾಡಿಕೊಳ್ಳಿ.

ಯೀಸ್ಟ್_ಬಳಗ
ಎಚ್‌ಎಸ್‌ಎಫ್‌1ಗೆ ಬಿಸಿ ಗೊತ್ತಾಗೋದಾದರೂ ಹೇಗೆ ಅನ್ನೋದನ್ನು ಯಾರೂ ಎತ್ತಲಿಲ್ಲ. ಅದು ಅಳೆಯೋದು ಬಿಸಿಯನ್ನಲ್ಲ, ಕೋಶದಲ್ಲಿ ಬಿಡುವಾಗಿರೋ ಎಚ್‌ಎಸ್‌ಪಿ70 ಎಷ್ಟಿದೆ ಅನ್ನೋದನ್ನು. ಸಾಧಾರಣ ಹೊತ್ತಲ್ಲಿ ಎಚ್‌ಎಸ್‌ಪಿ70 ಇದನ್ನು ಹಿಡಿದು ಕೂರಿಸಿರುತ್ತೆ. ಬಿಸಿಗೆ ಪ್ರೋಟೀನ್‌ಗಳು ಬಿಚ್ಚಿಕೊಂಡಾಗ ಎಚ್‌ಎಸ್‌ಪಿ70ಗೆ ಅತ್ತ ಕಡೆ ಕೈತುಂಬ ಕೆಲಸ, ಎಚ್‌ಎಸ್‌ಎಫ್‌1 ಸಡಿಲವಾಗಿ ಏಳುತ್ತೆ. ಹೊಸ ಎಚ್‌ಎಸ್‌ಪಿ70 ಬೇಕಾದಷ್ಟು ತಯಾರಾದ ಮೇಲೆ ಅದೇ ಬಂದು ಇದನ್ನು ಮತ್ತೆ ಕೂರಿಸುತ್ತೆ.

ಇದಕ್ಕೆ ಚೆಂದದ ಸಾಕ್ಷಿ ಸೈಕ್ಲೋಹೆಕ್ಸಿಮೈಡ್. ಹೊಸ ಪ್ರೋಟೀನ್ ತಯಾರಿ ನಿಲ್ಲಿಸಿ ಆಮೇಲೆ ಬಿಸಿ ಕೊಟ್ಟರೆ ಎಚ್‌ಎಸ್‌ಎಫ್‌1 ಏಳೋದು ಬಹಳ ಕಡಿಮೆಯಾಗುತ್ತೆ. ಎಚ್‌ಎಸ್‌ಪಿ70ಯ ಕೈ ಹಿಡಿದಿಡೋದು ಹೆಚ್ಚಾಗಿ ಆಗತಾನೇ ಹುಟ್ಟಿದ, ಇನ್ನೂ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್‌ಗಳು. ಅದಕ್ಕೇ ಬಿಸಿಯೇ ಇಲ್ಲದೆ, ಪ್ರೋಲೀನ್ ಹಾಗೆ ನಟಿಸೋ ಅಜೆಟಿಡೀನ್ ಕೊಟ್ಟರೂ ಅಥವಾ ಎಂಜಿ132 ಹಾಕಿ, ಕೆಟ್ಟ ಪ್ರೋಟೀನ್ ಒಡೆಯೋ ಪ್ರೋಟಿಯಾಸೋಮ್ ಮುಚ್ಚಿದರೂ ಇದು ಏಳುತ್ತೆ.

ಜೆಲ್_ಡಾನಮೈಸಿನ್
ಪ್ರೋಟೀನ್ ಕಾಯೋ ಇನ್ನೊಂದು ಪ್ರೋಟೀನ್ ಎಚ್‌ಎಸ್‌ಪಿ90 ಮರೆತಿರಿ. ಅದನ್ನು ತಡೆಯೋ 17-ಎಎಜಿ ಒಂದು ಮೈಕ್ರೋಮೋಲಾರ್ ಹಾಕಿದರೆ ಬಿಸಿ ಇಲ್ಲದೆ ಎಚ್‌ಎಸ್‌ಪಿ70 ಜಗ್ಗನೆ ಏರುತ್ತೆ. ಎಚ್‌ಎಸ್‌ಪಿ90 ತಡೆಯುವ ಔಷಧಗಳ ಕ್ಯಾನ್ಸರ್ ಪರೀಕ್ಷೆಗಳಲ್ಲಿ, ಮದ್ದು ಗುರಿ ಮುಟ್ಟಿದೆ ಅನ್ನೋಕೆ ರಕ್ತಕಣಗಳಲ್ಲಿ ಎಚ್‌ಎಸ್‌ಪಿ70 ಏರಿದೆಯಾ ಅಂತಲೇ ನೋಡ್ತಿದ್ದರು. ಆ ಮದ್ದುಗಳಿಗೆ ಅದೇ ಕಂಟಕ ಕೂಡ. ಕ್ಯಾನ್ಸರ್ ಕೋಶ ಸಾಯಲಿ ಅಂತ ಕೊಟ್ಟರೆ, ಅದನ್ನು ಕಾಯೋ ಎಚ್‌ಎಸ್‌ಪಿ70 ಹೆಚ್ಚುತ್ತೆ.

ಯೀಸ್ಟ್_ಬಳಗ
ಏರೋದು ನಿಜ. ಆದರೆ ಎಚ್‌ಎಸ್‌ಪಿ90 ಮುಚ್ಚಿದಾಗ ಅದರ ಗಿರಾಕಿ ಪ್ರೋಟೀನ್‌ಗಳೆಲ್ಲ ಎಚ್‌ಎಸ್‌ಪಿ70 ಮೇಲೆ ಬಂದು ಬೀಳುತ್ತವಲ್ಲ, ಆ ದಾರಿಯಲ್ಲೂ ಇದೇ ಫಲ ಸಿಗುತ್ತೆ. ಯೀಸ್ಟ್‌ನಲ್ಲಿ ಎಚ್‌ಎಸ್‌ಪಿ70 ಕೂರೋ ಎರಡು ಜಾಗವನ್ನೂ ಗುರುತಿಸಿದ್ದಾರೆ. ಮಾನವ ಎಚ್‌ಎಸ್‌ಎಫ್‌1 ಟ್ರೈಮರ್ ಅನ್ನು ಎಚ್‌ಎಸ್‌ಪಿ70 ಮತ್ತು ಅದರ ಸಹಾಯಕ ಪ್ರೋಟೀನ್ ಡಿಎನ್‌ಎಜೆಬಿ1 ಸೇರಿ ಡಿಎನ್‌ಎಯಿಂದ ಬಿಡಿಸಿ ಒಂಟಿ ಮಾಡೋದನ್ನು 2020ರಲ್ಲಿ ಶುದ್ಧ ಪ್ರೋಟೀನ್‌ಗಳಲ್ಲೇ ತೋರಿಸಿದರು. ಎಚ್‌ಎಸ್‌ಪಿ90ಗೆ ಪಾತ್ರವೇ ಇಲ್ಲ ಅನ್ನೋದಿಲ್ಲ, ಮುಖ್ಯ ಹಗ್ಗ ಎಚ್‌ಎಸ್‌ಪಿ70 ಕೈಯಲ್ಲಿದೆ ಅಂತೀನಿ.

ಬ್ಯಾಂಡ್‌ಶಿಫ್ಟ್
"ಬಿಸಿಯನ್ನಲ್ಲ" ಅನ್ನೋದು ಜಾಸ್ತಿಯಾಯ್ತು. ಶುದ್ಧ ಮಾಡಿದ ಮಾನವ ಎಚ್‌ಎಸ್‌ಎಫ್‌1 ಒಂದನ್ನೇ ಟ್ಯೂಬ್‌ನಲ್ಲಿ ಬಿಸಿ ಮಾಡಿದರೂ ಟ್ರೈಮರ್ ಆಗುತ್ತೆ. ಬೇರೆ ಯಾವ ಪ್ರೋಟೀನೂ ಅಲ್ಲಿಲ್ಲ.

ಯೀಸ್ಟ್_ಬಳಗ
ಅದೂ ನಿಜ, ತಿದ್ದಿಕೊಂಡೆ. ಆದರೆ ಯಾವ ಡಿಗ್ರಿಗೆ ಏಳಬೇಕು ಅಂತ ನಿರ್ಧರಿಸೋದು ಕೋಶವೇ. 1993ರ ಪ್ರಯೋಗ ನೋಡಿ: ಮಾನವ ಎಚ್‌ಎಸ್‌ಎಫ್‌1 ಅನ್ನು ಹಣ್ಣಿನ ನೊಣದ ಕೋಶದೊಳಗೆ ಇಟ್ಟರು. ಮಾನವ ಕೋಶದಲ್ಲಿ 41-42ಕ್ಕೆ ಏಳೋ ಅದೇ ಪ್ರೋಟೀನ್ ಅಲ್ಲಿ ನೊಣದ ಲೆಕ್ಕಕ್ಕೆ ಇಳಿದು, ಸುಮಾರು 10 ಡಿಗ್ರಿ ಕಡಿಮೆಯಲ್ಲೇ ಎದ್ದಿತು.

ಪಿಯು_ಮೇಷ್ಟ್ರು
ಮಕ್ಕಳು ಕೇಳೋ ಪ್ರಶ್ನೆ: 39-40 ಡಿಗ್ರಿ ಜ್ವರ ಬಂದಾಗ ಮೈಯಲ್ಲೆಲ್ಲ ಇದು ಏಳುತ್ತಾ?

ಕೋಶಮಿತ್ರ
ಮೇಷ್ಟ್ರೇ, ಎಲ್ಲ ಕೋಶದಲ್ಲೂ ಒಂದೇ ಥರ ಅಲ್ಲ. ಟಿ ಲಿಂಫೋಸೈಟ್‌ಗಳಲ್ಲಿ ಜ್ವರದ ಮಟ್ಟಕ್ಕೇ ಏಳೋದನ್ನು ನೋಡಿದ್ದಾರೆ. ಹೀಲಾದಂಥ ಕೋಶಕ್ಕೆ 41-42 ಬೇಕು. ಎಲ್ಲಕ್ಕಿಂತ ಕೆಳಗಿನ ಗೆರೆ ವೃಷಣದ್ದು: ಇಲಿಯ ವೀರ್ಯಾಣು ಆಗುವ ಹಂತದ ಕೋಶಗಳಲ್ಲಿ ಎಚ್‌ಎಸ್‌ಎಫ್‌1 35 ಡಿಗ್ರಿಗೇ ಏಳುತ್ತೆ. ವೃಷಣ ಮೈಗಿಂತ ತಣ್ಣಗಿರೋ ಅಂಗ, ಅದರ ಗೆರೆಯೂ ಕೆಳಗಿದೆ.

ಇಂಟ್ರಾನ್_ಇಲ್ಲ
ಮೇಷ್ಟ್ರೇ, ಪಾಠಕ್ಕೆ ಇದನ್ನೂ ಸೇರಿಸಿ. ಇದೆಲ್ಲ ಶುರುವಾಗಿದ್ದು 1962ರಲ್ಲಿ, ಇಟಲಿಯ ಫೆರುಚಿಯೊ ರಿಟೋಸಾ ಅವರಿಂದ. ನೊಣದ ಮರಿಹುಳದ ಲಾಲಾಗ್ರಂಥಿಯ ದಪ್ಪ ವರ್ಣತಂತುಗಳಲ್ಲಿ, ಇನ್‌ಕ್ಯುಬೇಟರ್ ಬಿಸಿ ಏರಿದ್ದಾಗ ಹೊಸ ಉಬ್ಬುಗಳು ಕಂಡವು. ಡೈನೈಟ್ರೋಫಿನಾಲ್ ಮತ್ತು ಸ್ಯಾಲಿಸಿಲೇಟ್ ಹಾಕಿದಾಗಲೂ ಅದೇ ಜಾಗ ಉಬ್ಬಿತು. ಆ ಉಬ್ಬಿನಿಂದ ಪ್ರೋಟೀನ್ ಬರುತ್ತೆ ಅಂತ ಗೊತ್ತಾಗೋಕೆ 1974 ಆಗಬೇಕಾಯಿತು.

ಉಬ್ಬು_93ಡಿ
ಎಲ್ಲ ಉಬ್ಬಿನಿಂದಲೂ ಪ್ರೋಟೀನ್ ಬರೋದಿಲ್ಲ ಸ್ವಾಮಿ. 93ಡಿ ಉಬ್ಬು ಕೊಡೋದು ಎಚ್‌ಎಸ್‌ಆರ್ ಒಮೆಗಾ ಅನ್ನೋ ಆರ್‌ಎನ್‌ಎ ಮಾತ್ರ. ಬೆಂಜಮೈಡ್ ಕೊಟ್ಟರೆ ಬೇರೆ ಹೀಟ್ ಶಾಕ್ ಉಬ್ಬುಗಳು ಸುಮ್ಮನಿದ್ದು ಇದೊಂದೇ ಏಳುತ್ತೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸುಭಾಷ್ ಲಖೋಟಿಯಾ ಮತ್ತು ಅವರ ವಿದ್ಯಾರ್ಥಿಗಳು ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ.

ಜ್ವಾಳದ_ತೆನಿ
ಎಲ್ಲಾರೂ ಹೀಲಾ, ಯೀಸ್ಟ್, ನೊಣ ಅಂತೀರಿ, ಗಿಡದ ಮಾತ ಯಾರೂ ತಗೀಲಿಲ್ಲ. ಗಿಡಾ ಬಿಸಿಲ ಬಿಟ್ಟು ಓಡಿ ಹೋಗೂದಿಲ್ರಿ, ನಿಂತಲ್ಲೇ ತಡಕೋಬೇಕು. ಯೀಸ್ಟ್‌ನ್ಯಾಗ ಎಚ್‌ಎಸ್‌ಎಫ್ ಜೀನ್ ಒಂದ, ನೊಣದಾಗ ಒಂದ. ಪ್ರಯೋಗಕ್ಕ ಬಳಸೂ ಸಣ್ಣ ಗಿಡ ಅರಾಬಿಡಾಪ್ಸಿಸ್‌ದಾಗ 21 ಅದಾವ, ಎ, ಬಿ, ಸಿ ಅಂತ ಮೂರು ವರ್ಗ. ಮೊದಲ ಏಳೂದು ಎಚ್‌ಎಸ್‌ಎಫ್ಎ1 ಗುಂಪು. ಅದು ಎಚ್‌ಎಸ್‌ಎಫ್ಎ2ನ ಎಬ್ಬಸ್ತೈತಿ. ಎ2 ಮೊದಲ ಬಿಸಿ ಹೋದ ಮ್ಯಾಲೂ ನೆನಪ ಇಟ್ಟಕೋತೈತಿ, ಜೀನ್ ಇದ್ದಲ್ಲಿ ಹಿಸ್ಟೋನ್ ಎಚ್‌3ರ 4ನೇ ಲೈಸೀನ್‌ಗೆ ಮೀಥೈಲ್ ಗುರುತ ಉಳೀತಾವ, ಮುಂದಿನ ಬಿಸಿಗೆ ಜಲ್ದಿ ಏಳ್ತೈತಿ.

ಟೊಮ್ಯಾಟೊದಾಗ ಎಚ್‌ಎಸ್‌ಎಫ್ಎ1ಎ ಒಂದನ್ನ ಅಡಗಿಸಿದ್ರ ಗಿಡಕ್ಕ ಬಿಸಿ ತಡಿಯೂ ಶಕ್ತೀನ ಇರೂದಿಲ್ಲ, ಉಳದವು ಅದರ ಜಾಗಾ ತುಂಬೂದಿಲ್ಲ. ಅರಾಬಿಡಾಪ್ಸಿಸ್‌ದಾಗ ಹಂಗಲ್ಲ, ಎ1 ಗುಂಪಿನ್ಯಾವು ಒಂದಕ್ಕೊಂದು ಜಾಗಾ ತುಂಬತಾವ. ಒಂದ ಜೀನ್ ಕೆಡಿಸಿ "ಏನೂ ಆಗಲಿಲ್ಲ" ಅಂತ ಬರದ್ರ ತಪ್ಪಾಗ್ತೈತ್ರಿ.

ಯೀಸ್ಟ್_ಬಳಗ
@ಜ್ವಾಳದ_ತೆನಿ ಸೊಗಸಾಗಿ ಹೇಳಿದಿರಿ. ತಟ್ಟೆಯಲ್ಲಿರೋ ಸಸಿಗೆ ಬಿಸಿ ಕೊಡುವ ಪದ್ಧತಿ ಹೇಗೆ?

ಜ್ವಾಳದ_ತೆನಿ
ಎರಡು ಥರದ ಪರೀಕ್ಷೆ, ಕೂಡಿಸಬ್ಯಾಡ್ರಿ. ಒಂದು, ಸೀದಾ 44-45 ಡಿಗ್ರಿಗೆ ಹಾಕೂದು: ಇದು ಗಿಡದ ಮೂಲ ತಾಕತ್ತು. ಇನ್ನೊಂದು, ಮೊದಲ 37-38ಕ್ಕೆ ಒಂದೂವರೆ ತಾಸು, 22ಕ್ಕೆ ಎರಡು ತಾಸು ವಿಶ್ರಾಂತಿ, ಆಮ್ಯಾಲೆ 45: ಇದು ಗಳಿಸಿದ ತಾಕತ್ತು. ಎಚ್‌ಎಸ್‌ಎಫ್ ಕೆಲಸ ಹೆಚ್ಚು ಕಾಣೂದು ಎರಡನೇದರಾಗ. ತಟ್ಟಿಯೊಳಗ ಅಗಾರ್ ದಪ್ಪ ಎಲ್ಲಾದರಾಗೂ ಒಂದ ಇರಬೇಕು, ಹೆಚ್ಚುಕಡಿಮಿ ಆದ್ರ ಬಿಸಿ ಏರೂ ಹೊತ್ತು ಬದಲಾಗಿ ಫಲಿತಾಂಶ ಕೆಡ್ತೈತಿ. ಮ್ಯುಟೆಂಟ್ ಮತ್ತು ಕಂಟ್ರೋಲ್ ಒಂದ ತಟ್ಟಿಯೊಳಗ ಅರ್ಧಾ ಅರ್ಧಾ ಹಾಕ್ರಿ.

ರಾಗಿ_ಪೈರು
ಇದೇ ತತ್ವದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಶಾಸ್ತ್ರ ವಿಭಾಗದವರು ತಳಿ ಆರಿಸೋ ಒಂದು ವಿಧಾನವನ್ನೇ ರೂಪಿಸಿದರು, ಅದಕ್ಕೆ ಟಿಐಆರ್ (ಟೆಂಪರೇಚರ್ ಇಂಡಕ್ಷನ್ ರೆಸ್ಪಾನ್ಸ್) ಅಂತಾರೆ. ಮೊದಲು ಆ ಬೆಳೆಯ ಮೊಳಕೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯೋ ಡಿಗ್ರಿ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಹೊಸ ಮೊಳಕೆಗಳಿಗೆ ಕೆಲವು ಗಂಟೆ ಮೆಲ್ಲಗೆ ಬಿಸಿ ಏರಿಸಿ, ಬಳಿಕ ಆ ಸಾಯೋ ಮಟ್ಟಕ್ಕೆ ಒಡ್ಡಿ, ಮತ್ತೆ 30 ಡಿಗ್ರಿಯಲ್ಲಿ ಚೇತರಿಸಿಕೊಳ್ಳೋಕೆ ಬಿಡೋದು. ಉಳಿದದ್ದರ ಬೇರು ಮತ್ತು ಚಿಗುರಿನ ಉದ್ದ ಅಳೆಯೋದು. ಸೂರ್ಯಕಾಂತಿಯಲ್ಲಿ ಹೀಗೆ ಆರಿಸಿದ ಸಾಲುಗಳಲ್ಲಿ ಹೀಟ್ ಶಾಕ್ ಪ್ರೋಟೀನ್ ಹೆಚ್ಚಿತ್ತು. ನೇರವಾಗಿ ಸಾಯೋ ಬಿಸಿಗೆ ಒಡ್ಡಿದರೆ ತಳಿ ತಳಿಯ ವ್ಯತ್ಯಾಸ ಕಾಣೋದೇ ಇಲ್ಲ. ಹೊಲದಲ್ಲಿ ಬಿಸಿಲು ಏಕಾಏಕಿ ಬೀಳೋದಿಲ್ಲ, ಬೆಳಗಿನಿಂದ ಏರ್ತಾ ಬರುತ್ತೆ. ಮೊಳಕೆಗೂ ಹಾಗೇ ಕೊಡಬೇಕು.

ಕೋಶಮಿತ್ರ
ಹೀಲಾಗೆ ವಾಪಸ್ ಬರೋಣ. ಒಂದು ಮುಖ್ಯ ಮಾತು ಬಿಟ್ಟುಹೋಗಿದೆ: ಹೀಲಾದಲ್ಲಿ ಬಿಸಿ ಕೊಡದೆಯೂ ಎಚ್‌ಎಸ್‌ಪಿ70 ಸಾಕಷ್ಟಿದೆ. ಮೊದಲೇ ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ಹಾಕಿದರೆ ಮಟ್ಟ ಏರಿದ್ದು ಎಲ್ಲಿ ಕಾಣುತ್ತೆ? ಅದರ ಮೇಲೆ ಆಂಟಿಬಾಡಿ ಸದಾ ಇರೋ ಎಚ್‌ಎಸ್‌ಸಿ70 ಅನ್ನೂ ಹಿಡಿಯೋದಾದರೆ ಮುಗಿದೇ ಹೋಯ್ತು. ಬಿಸಿಗೆ ಏಳೋದನ್ನು ಮಾತ್ರ ಹಿಡಿಯೋ ಸಿ92 ಕ್ಲೋನ್ ತಗೊಳ್ಳಿ. ಜೊತೆಗೆ ಇಮ್ಯುನೋಫ್ಲೋರೆಸೆನ್ಸ್ (ಹೊಳೆಯೋ ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು) ಮಾಡಿ. ಬಿಸಿ ತಾಗಿದ ಹೀಲಾದ ನ್ಯೂಕ್ಲಿಯಸ್‌ನಲ್ಲಿ ಎಚ್‌ಎಸ್‌ಎಫ್‌1 ಕೆಲವೇ ಹೊಳೆಯೋ ಚುಕ್ಕಿಗಳಾಗಿ ಗುಂಪುಗೂಡುತ್ತೆ, 9ನೇ ವರ್ಣತಂತುವಿನಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರೋ ಸ್ಯಾಟಲೈಟ್-3 ಡಿಎನ್‌ಎ ಮೇಲೆ. ಬಿಸಿ ಮುಟ್ಟಿದೆಯಾ ಅಂತ ಕಣ್ಣಾರೆ ನೋಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಇಲಿಯ ಕೋಶದಲ್ಲಿ ಇದನ್ನು ಹುಡುಕಬೇಡಿ, ಆ ಚುಕ್ಕಿಗಳು ಅಲ್ಲಿ ಆಗೋದಿಲ್ಲ.

ಹೀಲಾ_ತಟ್ಟೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಸಲ ಹೀಗೆ: ನೀರಿನ ಬಾತ್, ಥರ್ಮೋಕಪಲ್ 42 ತೋರಿಸಿದ ಮೇಲೆ 0, 15, 30, 60, 120 ನಿಮಿಷ. ಪ್ರತಿ ಹೊತ್ತಿಗೂ ಒಂದು ತಟ್ಟೆ ಕುದಿಯೋ ಎಸ್‌ಡಿಎಸ್‌ಗೆ, ಒಂದು ಆರ್‌ಎನ್‌ಎಗೆ. 60 ನಿಮಿಷದ್ದು ಇನ್ನೆರಡು ತಟ್ಟೆ 37ಕ್ಕೆ ವಾಪಸ್, 4 ಮತ್ತು 8 ಗಂಟೆಗೆ ಪ್ರೋಟೀನ್. 17-ಎಎಜಿ ಹಾಕಿದ್ದು ಒಂದು. ಕವರ್‌ಸ್ಲಿಪ್ ಮೇಲೆ ಚುಕ್ಕಿ ಎಣಿಕೆ. 120 ನಿಮಿಷಕ್ಕೆ ಎಂಆರ್‌ಎನ್‌ಎ ಇನ್ನೂ ಹೆಚ್ಚಿರಬೇಕು ಅಲ್ವಾ?

ಬ್ಯಾಂಡ್‌ಶಿಫ್ಟ್
ಹಾಗೇ ಇರಬೇಕು ಅಂತಿಲ್ಲ. ಹೀಲಾವನ್ನು 42ರಲ್ಲೇ ಇಟ್ಟರೂ ಒಂದು ಗಂಟೆಯ ಆಸುಪಾಸಿನಿಂದ ಎಚ್‌ಎಸ್‌ಎಫ್‌1 ಡಿಎನ್‌ಎ ಬಿಟ್ಟು ಇಳಿಯೋಕೆ ಶುರು, ಜೀನ್ ಓದೋದೂ ತಗ್ಗುತ್ತೆ. ಆಗಲೇ ತಯಾರಾದ ಎಂಆರ್‌ಎನ್‌ಎ ಇನ್ನೂ ಉಳಿದಿರೋದರಿಂದ ಕ್ಯುಪಿಸಿಆರ್‌ನಲ್ಲಿ ಈ ಇಳಿತ ತಡವಾಗಿ ಕಾಣುತ್ತೆ. 43ರಲ್ಲಿ ಹಾಗೆ ಬೇಗ ಇಳಿಯೋದಿಲ್ಲ. ಒಂದು ಡಿಗ್ರಿಗೆ ಇಷ್ಟು ವ್ಯತ್ಯಾಸ. ಆದ್ದರಿಂದ ಬಾತ್‌ನ ಡಿಸ್‌ಪ್ಲೇ ನಂಬದೆ ಥರ್ಮೋಕಪಲ್ ಅನ್ನು ಮಂಜುನೀರಲ್ಲಿ ಅದ್ದಿ 0 ತೋರಿಸುತ್ತಾ ನೋಡಿ, ಆಮೇಲೆ ಒಂದು ನಂಬಿಕಸ್ಥ ಗಾಜಿನ ಥರ್ಮಾಮೀಟರ್ ಜೊತೆ 42ರಲ್ಲೂ ತಾಳೆ ಹಾಕಿ.

ನೀರ್_ಬಾತ್
ಮತ್ತೆ 0 ನಿಮಿಷದ ತಟ್ಟೆಗೂ ಪ್ಯಾರಾಫಿಲ್ಮ್ ಸುತ್ತಿ, ಹೆಪಿಸ್ ಹಾಕಿ, 37ರ ಬಾತ್‌ನಲ್ಲಿ ಅಷ್ಟೇ ಹೊತ್ತು ಇಡಿ. ಇನ್‌ಕ್ಯುಬೇಟರ್‌ನಿಂದ ನೇರವಾಗಿ ತೆಗೆದ ತಟ್ಟೆ ಇದಕ್ಕೆ ಕಂಟ್ರೋಲ್ ಆಗೋದಿಲ್ಲ.